ತ್ರಿಪದಿಯಲ್ಲಿ ಪುರಾಣ ನುಡಿದ ತಾಯಿ

ವೀರಶೈವ ಧರ್ಮವು ಗೃಹಸ್ಥಜೀವನವನ್ನು ಮುಕ್ತಿಗೆ ಅಡ್ಡಿಯೆಂದು ಎಣಿಸಿಲ್ಲ. ಪತಿಯು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದ ಲಕ್ಕಮ್ಮನನ್ನು ಅರಿಯದ ಭಕ್ತರಿಲ್ಲ. ಆದರೂ ಒಂದು ಸಂದೇಹ ಉಳಿದೇ ಇದೆ. ಲಿಂಗಪೂಜೆ, ದಾಸೋಹ, ಮಕ್ಕಳ ಪಾಲನೆ ಇವುಗಳ ನಡುವೆ ಗೃಹಿಣಿಗೆ ಕಾವ್ಯಕಲೆಯು ಸಾಧ್ಯವೆ? ಇದಕ್ಕೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ಬಾಳು ಶಾಸ್ತ್ರವಾಕ್ಯಕ್ಕಿಂತ ತಕ್ಕ ಸಮಾಧಾನವಾಗಿದೆ.

ತಾಯಿಯವರು ಜನಿಸಿದುದು 1912ರಲ್ಲಿ. ಎಳೆಯ ವಯಸ್ಸಿನಲ್ಲಿಯೇ ಚೆನ್ನಮಲ್ಲಪ್ಪ ಲಿಗಾಡೆಯವರ ಧರ್ಮಪತ್ನಿಯಾಗಿ ದೊಡ್ಡ ಮನೆತನದ ಹೊಣೆಯನ್ನು ಹೊತ್ತರು, ಮಕ್ಕಳ ತಾಯಿಯಾದರು. ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಲ್ಲಿ ತೆಲುಗು ಕನ್ನಡಗಳೆರಡೂ ಬಳಕೆಯಲ್ಲಿರುವಂತೆ ಸೊಲ್ಲಾಪುರದಲ್ಲಿ ಮರಾಠಿ ಕನ್ನಡಗಳು ಒಂದೇ ಅಂಗಳದಲ್ಲಿ ಬೆಳೆದವು. ಅವರು ಶಾಲೆಯಲ್ಲಿ ಓದಿದುದು ಮರಾಠಿಯನ್ನು. ಕನ್ನಡದ ಓದುಬರಹವನ್ನು ಸ್ವಂತ ಪರಿಶ್ರಮದಿಂದಲೇ ಸಾಧಿಸಿಕೊಳ್ಳಬೇಕಾಯಿತು. ಗಡಿನಾಡಿನ ಗೃಹಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕು: ಶರಣರ ನುಡಿ ಶಾಲೆಯಲ್ಲಿ ದೊರೆಯಲಿಲ್ಲವೆಂದು ಅವರು ಕೈಬಿಡಲಿಲ್ಲ, ಮರಾಠಿಯನ್ನು ದ್ವೇಷಿಸಲೂ ಇಲ್ಲ. ಕನ್ನಡದ ವಚನಗಳನ್ನು ಮರಾಠಿಗೆ ತಂದು ನೆರೆಯವರಿಗೂ ಉಣಬಡಿಸಿದರು. ಸೊಲ್ಲಾಪುರವು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದವರೂ ಇವರೇ. ಆ ಊರು ಮಹಾರಾಷ್ಟ್ರದಲ್ಲಿಯೇ ಉಳಿಯಿತು.

ಸೊಲ್ಲಾಪುರವೆಂದರೆ ಶಿವಯೋಗಿ ಸಿದ್ಧರಾಮನ ಸೊನ್ನಲಿಗೆ. ಕೆರೆಯನ್ನು ಕಟ್ಟಿಸಿ ಲೋಕಹಿತವನ್ನು ಸಾಧಿಸಿದ ಆ ಮಹಾತ್ಮನ ಹಿರಿಮೆಯನ್ನು ಕೆರೆಯ ನೀರನ್ನೇ ನಂಬಿ ಬಾಳಿದ ಕೋಲಾರ ಸೀಮೆಯ ಒಕ್ಕಲು ಮಕ್ಕಳಿಗೆ ವಿವರಿಸಬೇಕಾಗಿಲ್ಲ. ರಾಘವಾಂಕನು ಅವನ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದನು. ತಾಯಿಯವರು ಅದೇ ಶಿವಯೋಗಿಯ ಪುರಾಣವನ್ನು ನಾಲ್ಕು ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳಲ್ಲಿ ರಚಿಸಿದರು.

ಇಲ್ಲಿ ಛಂದಸ್ಸಿನ ಆಯ್ಕೆಯೇ ವಿಚಾರಣೀಯವಾದುದು. ತ್ರಿಪದಿಯು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದು. ಸರ್ವಜ್ಞನ ಕೈಯಲ್ಲಿ ನೀತಿಯನ್ನು ಸಾರಿತು. ಅದರೆ ಶತಮಾನಗಳ ಕಾಲ ಅದನ್ನು ಜೀವಂತವಾಗಿ ಉಳಿಸಿದವರು ಪಂಡಿತರಲ್ಲ, ಬೀಸುವ ಕಲ್ಲಿನ ಮುಂದೆ ಕುಳಿತ ಗರತಿಯರು. ಮಾಲೂರು, ಕೋಲಾರದ ಹಳ್ಳಿಗಳಲ್ಲಿ ಬೆಳಗಿನ ಜಾವ ರಾಗಿ ಬೀಸಿದ ಅಜ್ಜಿಯರನ್ನು ಕಂಡವರು ಇದನ್ನು ಬಲ್ಲರು. ಕೈಯು ಕಲ್ಲನ್ನು ತಿರುವುತ್ತಿರುವಾಗಲೇ ಬಾಯಲ್ಲಿ ಪದವು ಕಟ್ಟುತ್ತದೆ. ಹಾಡಿಗಾಗಿ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ. ಕಾಯಕದಲ್ಲಿಯೇ ಪೂಜೆಯುಂಟೆಂಬ ಶರಣರ ಬೋಧೆಯನ್ನು ಕಲೆಗೆ ಅನ್ವಯಿಸಿದರೆ ದೊರೆಯುವುದು ಇದೇ ಅಲ್ಲವೆ? ತಾಯಿಯವರು ಮನೆಯ ಹೊರಗಿನ ಛಂದಸ್ಸನ್ನು ಅರಸಿ ಹೋಗದೆ ಅಡಿಗೆಮನೆಯ ಪಕ್ಕದಲ್ಲಿ ಹುಟ್ಟಿದ ಧಾಟಿಗೆ ಪುರಾಣದ ಪದವಿಯನ್ನು ಕೊಟ್ಟರು. ಅವರ ಇನ್ನೊಂದು ಕೃತಿಗೆ ‘ತಾಯಿಯ ಪದಗಳು’ ಎಂಬ ಹೆಸರಿರುವುದೂ ಉಚಿತವೇ. ಗೃಹಿಣಿಗೆ ಬಿಡುವೆಲ್ಲಿ ಎಂದು ಕೇಳುವವರು ಬಿಡುವಿನಿಂದಲೇ ಕಾವ್ಯ ಹುಟ್ಟುತ್ತದೆಂದು ಭಾವಿಸಿರುತ್ತಾರೆ.

1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇವರೇ ಅಧ್ಯಕ್ಷೆ. ಆ ಪೀಠವನ್ನು ಏರಿದ ಮಹಿಳೆಯರಲ್ಲಿ ಇವರು ಮೊದಲಿಗರು. ಅಲ್ಲಿಯವರೆಗೆ ಸಮ್ಮೇಳನವು ಆರು ದಶಕಗಳಷ್ಟು ಕಾಲ ತಡೆದುದನ್ನು ಕನ್ನಡಿಗರು ನೆನೆಯುವುದು ಲೇಸು. ಅಲ್ಲಮಪ್ರಭುವಿನೊಡನೆ ಸಿದ್ಧರಾಮನು ಸೊನ್ನಲಿಗೆಯಿಂದ ಕಲ್ಯಾಣಕ್ಕೆ ಹೊರಟಂತೆ ತಾಯಿಯವರೂ ಇಳಿವಯಸ್ಸಿನಲ್ಲಿ ಬಸವಕಲ್ಯಾಣಕ್ಕೆ ಬಂದು ನೆಲೆಸಿದರು, 1986ರಲ್ಲಿ ಲಿಂಗೈಕ್ಯರಾದರು.