ಕುಡಿ ಚಿವುಟುವ ಕಾಲ

ಕಾಲೇಜು ಗೇಟಿನ ಎಡಬದಿಯ ಪಾತಿಯಲ್ಲಿ ಈ ವರ್ಷ ಹಳದಿ ಹೂ ಏಕೆ ಅರಳಲಿಲ್ಲ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ತೋಟದ ಅಜ್ಜನನ್ನೂ ಕೇಳಿದ್ದೀರಿ, ಕೆಲವರು ಅವರ ಮೇಲೆ ರೇಗಿದ್ದೂ ಉಂಟು. ಕತ್ತರಿ ಹಿಡಿದ ಕೈ ಅವರದು, ನಿಜ. ಕತ್ತರಿಸಿ ಎಂದು ಹೇಳಿದವನು ನಾನು, ನಿಮಗೆ ಜೀವಶಾಸ್ತ್ರ ಕಲಿಸುವವನು. ಇದನ್ನು ಸ್ಟಾಫ್ ರೂಮಿನಲ್ಲಿ ಒಪ್ಪಿಕೊಳ್ಳಲು ನನಗೆ ಹತ್ತು ದಿನ ಬೇಕಾಯಿತು. ಆ ಹತ್ತು ದಿನವೂ ಮಾತು ಕೇಳಿದವರು ಅಜ್ಜ. ಈಗ ಎಲ್ಲರಿಗೂ ತಿಳಿಯಲಿ ಎಂದು ಪಾಠವಾಗಿಯೇ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿಯವರಿಗೆ ಸಸ್ಯಗಳ ಬೆಳವಣಿಗೆಯ ಅಧ್ಯಾಯಕ್ಕೂ ಉಪಯೋಗವಾದೀತು.

ಆ ಗಿಡದ ಹೆಸರು ಗೋಲ್ಡನ್ ರಾಡ್. ಸಸ್ಯಶಾಸ್ತ್ರದಲ್ಲಿ ಅದು ಸಾಲಿಡಾಗೊ. ತವರು ಹೆಚ್ಚಾಗಿ ಉತ್ತರ ಅಮೆರಿಕ, ಆದರೆ ಬೆಂಗಳೂರಿನ ಸುತ್ತಮುತ್ತಲ ಹೂ ಬೆಳೆಗಾರರಿಗೂ ಪರಿಚಿತವೇ. ಗುಲಾಬಿ ಬೊಕೆಯ ನಡುನಡುವೆ ತುಂಬುವ, ಅರಿಸಿನ ಚೆಲ್ಲಿದಂತಿರುವ ಗೊಂಚಲು ನೋಡಿದ್ದೀರಲ್ಲ, ಅದೇ. ಸೇವಂತಿಗೆ, ಚೆಂಡು ಹೂ, ಸೂರ್ಯಕಾಂತಿಯ ಕುಟುಂಬಕ್ಕೇ ಸೇರಿದ್ದು, ಆಸ್ಟರೇಸಿ. ನಾವು ಒಂದು ಹೂ ಎನ್ನುವ ಪ್ರತಿ ಹಳದಿ ಮಣಿಯೂ ಹಲವು ಪುಟ್ಟ ಹೂಗಳ ಗುಂಪು. ಇದರ ಪರಾಗದಿಂದ ಸೀನು ಬರುತ್ತದೆ ಎಂಬ ಅಪವಾದ ಅಮೆರಿಕದಲ್ಲಿದೆ. ಪರಾಗ ಅಂಟಂಟು, ಕೀಟಗಳ ಕಾಲಿಗೆ ಮೆತ್ತಿಕೊಳ್ಳುವಂಥದ್ದು, ಗಾಳಿಯಲ್ಲಿ ಹೆಚ್ಚು ಹಾರುವುದಿಲ್ಲ. ಅದೇ ಕಾಲಕ್ಕೆ ಹೂಬಿಡುವ ರ‍್ಯಾಗ್‌ವೀಡ್ ಎಂಬ ಕಳೆಯ ತಪ್ಪು ಇದರ ತಲೆಗೆ ಕಟ್ಟಿದೆ. ಬೇರೆಯವರ ತಪ್ಪಿಗೆ ಬೈಸಿಕೊಳ್ಳುವುದು ನಮ್ಮ ಅಜ್ಜನಿಗೆ ಮಾತ್ರ ಬಂದ ಪಾಡಲ್ಲ.

ಇನ್ನು ಕತ್ತರಿಯ ವಿಷಯ. ಜೂನ್‌ನಲ್ಲಿ ನೆಟ್ಟ ಸಸಿ ಗೇಣು ದಾಟಿದಾಗ ಅದರ ತುದಿಯನ್ನು ಎರಡು ಎಲೆಗಳಷ್ಟು ಚಿವುಟಬೇಕು. ರೈತರು ಇದನ್ನು ಕುಡಿ ಚಿವುಟುವುದು ಎನ್ನುತ್ತಾರೆ. ಸೇವಂತಿಗೆಗೆ ನೆಟ್ಟು ಸುಮಾರು ನಾಲ್ಕು ವಾರಕ್ಕೆ ಈ ಕೆಲಸ ಮಾಡುತ್ತಾರೆ. ಉಗುರೇ ಸಾಕು. ಕತ್ತರಿಯಾದರೆ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ, ಎಲೆ ಸೇರುವ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಒಂದೇ ಕಡ್ಡಿಯಾಗಿ ಏರುತ್ತಿದ್ದ ಗಿಡ ಕೆಲವೇ ದಿನಗಳಲ್ಲಿ ಮೂರು ನಾಲ್ಕು ಕಡೆ ಚಿಗುರುತ್ತದೆ. ಗಾಳಿಗೆ ಬಾಗುವುದೂ ಕಡಿಮೆ.

ಏಕೆ? ಪುಸ್ತಕದ ಉತ್ತರ ನಿಮಗೆ ಬಾಯಿಪಾಠ: ತುದಿ ಮೊಗ್ಗಿನ ಪ್ರಾಬಲ್ಯ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಕೆಳಗಿಳಿದು ಬದಿ ಮೊಗ್ಗುಗಳನ್ನು ತಡೆಯುತ್ತದೆ. 1930ರ ದಶಕದಲ್ಲಿ ತಿಮನ್ ಮತ್ತು ಸ್ಕೂಗ್ ಒಂದು ಬಗೆಯ ಅವರೆ ಗಿಡದ ತುದಿ ಕತ್ತರಿಸಿ, ಗಾಯದ ಮೇಲೆ ಆಕ್ಸಿನ್ ಇಟ್ಟು ನೋಡಿದರು. ತುದಿ ಇಲ್ಲದಿದ್ದರೂ ಬದಿ ಮೊಗ್ಗು ಸುಮ್ಮನಿತ್ತು. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಕತೆ ಅಲ್ಲಿಗೆ ಮುಗಿದಿಲ್ಲ. ಆಕ್ಸಿನ್ ಕಾಂಡದಲ್ಲಿ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ತುದಿ ಕತ್ತರಿಸಿದ ಬಟಾಣಿ ಗಿಡದಲ್ಲಿ ಕೆಳಗಿನ ಮೊಗ್ಗುಗಳು, ತಮ್ಮ ಬಳಿಯ ಆಕ್ಸಿನ್ ಕಡಿಮೆಯಾಗುವ ಮೊದಲೇ ಬೆಳೆಯತೊಡಗುತ್ತವೆ. ಮೊದಲ ಸೂಚನೆ ಸಕ್ಕರೆ ಎಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೆಳೆಯುವ ತುದಿ ಎಲೆಗಳ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ತುದಿ ಹೋದರೆ ಆ ಸಕ್ಕರೆ ಬೇಗನೆ ಬದಿ ಮೊಗ್ಗು ಮುಟ್ಟುತ್ತದೆ. ಇದರ ಜೊತೆಗೆ ಸೈಟೊಕೈನಿನ್, ಸ್ಟ್ರೈಗೊಲ್ಯಾಕ್ಟೋನ್ ಎಂಬ ಹಾರ್ಮೋನುಗಳ ಪಾತ್ರವೂ ಇದೆ.

ಇಷ್ಟೆಲ್ಲ ತಿಳಿದೂ ನಾನು ಎಡವಿದ್ದು ಎಲ್ಲಿ? ಸೆಪ್ಟೆಂಬರ್ ಮಧ್ಯದಲ್ಲಿ ಪಾತಿ ಕೆದರಿದ ತಲೆಯಂತೆ ಕಂಡಿತು. ವಾರ್ಷಿಕೋತ್ಸವಕ್ಕೆ ಅಂದವಾಗಿರಲಿ ಎಂದು ಮೊಣಕಾಲೆತ್ತರಕ್ಕೆ ಕತ್ತರಿಸಲು ಹೇಳಿದೆ. ಅಜ್ಜ ಒಂದು ಕಡ್ಡಿ ಬಾಗಿಸಿ, "ಸಾರ್, ಇದರಲ್ಲಿ ಬಸಿರು ಇದೆ" ಎಂದರು. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ನಾನು ನಿಲ್ಲಲೂ ಇಲ್ಲ, ಮುಂದಿನ ಪೀರಿಯಡ್ ಗಂಟೆ ಹೊಡೆದಿತ್ತು.

ಗೋಲ್ಡನ್ ರಾಡ್ ಸೇವಂತಿಗೆಯಂತೆ ಹಗಲಿನ ಅಳತೆ ಹಿಡಿಯುವ ಗಿಡ. ಹಗಲು ಉದ್ದವಿದ್ದಾಗ ಕಾಂಡ ಬೆಳೆಸುತ್ತದೆ, ಹಗಲು ಕುಗ್ಗಿದಂತೆ ಹೂವಿಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೇ. ನಮಗೆ ಗೊತ್ತಾಗದ ಆ ವ್ಯತ್ಯಾಸ ಗಿಡಕ್ಕೆ ಗೊತ್ತಾಗುತ್ತದೆ. ಸೇವಂತಿಗೆಯ ಪಾಲಿಹೌಸ್‌ಗಳಲ್ಲಿ ರಾತ್ರಿ ದೀಪ ಉರಿಸುವುದು ಇದಕ್ಕೇ: ಕಡ್ಡಿ ಉದ್ದವಾಗುವವರೆಗೆ ಹೂವನ್ನು ತಡೆಹಿಡಿಯಲು. ನಮ್ಮ ಪಾತಿಯ ಕಡ್ಡಿಗಳು ಆಗಲೇ ತುದಿಯಲ್ಲಿ ಮೊಗ್ಗು ಕಟ್ಟಿದ್ದವು. ಅಜ್ಜ ಹೇಳಿದ ಬಸಿರು ಅದೇ. ನಾವು ಕತ್ತರಿಸಿ ಬಿಸಾಡಿದ್ದು ಆ ವರ್ಷದ ಹೂವನ್ನು. ಬದಿ ಚಿಗುರು ಬಂದವು, ಪ್ರಾಬಲ್ಯದ ಪಾಠ ಸುಳ್ಳಾಗಲಿಲ್ಲ. ಆದರೆ ಬೆಳೆಯಲು ಬೇಕಾದ ಉದ್ದ ಹಗಲು ಮುಗಿದಿತ್ತು. ಗೇಣುದ್ದದ ಚಿಗುರಿನಲ್ಲಿ ಅಲ್ಲೊಂದು ಇಲ್ಲೊಂದು ಬಡಕಲು ಗೊಂಚಲು, ಅಷ್ಟೇ.

ಎಲ್ಲ ಗಿಡಕ್ಕೂ ಚಿವುಟುವ ವಿದ್ಯೆ ನಡೆಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗ್ಲಾಡಿಯೋಲಸ್, ಸುಗಂಧರಾಜದಂಥವು ಗೆಡ್ಡೆಯಿಂದ ಒಂದೇ ಹೂದಂಡು ಕಳಿಸುತ್ತವೆ. ಅದನ್ನು ಚಿವುಟಿದರೆ ಕೈ ಖಾಲಿ. ಗೋಲ್ಡನ್ ರಾಡ್ ಹೂ ಕಂದಿದ ಮೇಲೆ ಮಾತ್ರ ಧಾರಾಳವಾಗಿ ಕತ್ತರಿಸಬಹುದು, ಅದೂ ಬೀಜ ಹತ್ತಿಯಂತೆ ಹಾರುವ ಮೊದಲೇ. ಯುರೋಪ್ ಮತ್ತು ಚೀನಾದಲ್ಲಿ ಇದು ತೋಟ ದಾಟಿ ಹೊಲ, ಬಯಲುಗಳಿಗೆ ನುಗ್ಗಿ ದೊಡ್ಡ ಕಳೆಯಾಗಿದೆ. ಕಡ್ಡಿಯನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ತೆಗೆಯಿರಿ. ನೆಲದೊಳಗಿನ ಕಾಂಡದಿಂದ ಹೊಸ ಮರಿಗಳು ಏಳುತ್ತವೆ. ನಮ್ಮ ಪಾತಿಯಲ್ಲಿ ಈಗ ಎದ್ದಿವೆ, ಮೊನ್ನೆ ಎಣಿಸಿದಾಗ ಅರವತ್ತಕ್ಕೂ ಹೆಚ್ಚು.

ಕಳೆದ ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಅಜ್ಜ ಕುಂಡಗಳ ಸೇವಂತಿಗೆಯಲ್ಲಿ ಒಣಗಿದ ಹೂ ತೆಗೆಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಕತ್ತರಿ ಹಿಡಿದೆ. "ಇನ್ನೊಂದು ಗಿಣ್ಣು ಕೆಳಗೆ, ಸಾರ್" ಎಂದರು. ಅವರು ಹೇಳಿದಲ್ಲಿ ಕತ್ತರಿಸಿದೆ. ಆಮೇಲೆ ಸಲಕರಣೆ ಕೋಣೆಯ ಬಾಗಿಲ ಮೇಲೆ ಅವರೇ ಇದ್ದಿಲಿನಲ್ಲಿ ಬರೆದರು: ಆಗಸ್ಟ್ ಮೊದಲ ವಾರದ ನಂತರ ಕತ್ತರಿ ಇಲ್ಲ. ಅದರ ಕೆಳಗೆ ನನ್ನ ಸಹಿಯನ್ನೂ ಹಾಕಿಸಿಕೊಂಡರು.