ಮಾರದ ಮಾಹಿತಿ ಲಾಭವಲ್ಲ

ದಸರಾ ರಜೆಯಲ್ಲಿ ಅಣ್ಣನ ಕಂಪ್ಯೂಟರಿನಲ್ಲಿ ‘ಎಲೀಟ್ ಡೇಂಜರಸ್’ ಆಡುತ್ತಿದ್ದೆ. 2014ರಲ್ಲಿ ಬಂದ ಈ ಆನ್‌ಲೈನ್ ಆಟದಲ್ಲಿ ನಮ್ಮ ಆಕಾಶಗಂಗೆಯೇ ಇದೆ; ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಅನ್ವೇಷಕರು ಹೊಸ ಗ್ರಹಗಳನ್ನು ಸ್ಕ್ಯಾನ್ ಮಾಡಿ, ನಿಲ್ದಾಣಕ್ಕೆ ಮರಳಿ ಆ ಮಾಹಿತಿ ಮಾರಿದರೆ ಹಣ.

ಹತ್ತು ದಿನ ಅಲೆದು ಮರಳುವಾಗ, ಗುರುತ್ವ ಹೆಚ್ಚಿದ್ದ ಒಂದು ಗ್ರಹದಲ್ಲಿ ಅವಸರದಿಂದ ಇಳಿಯಲು ಹೋಗಿ ನನ್ನ ನೌಕೆ ಪುಡಿಯಾಯಿತು. ಬೆಲೆಯ ಶೇ. 5ರಷ್ಟು ಕಟ್ಟಿದೆ, ಅಂಥದೇ ನೌಕೆ ಸಿಕ್ಕಿತು. ಆದರೆ ಮಾರದ ಮಾಹಿತಿಯೆಲ್ಲ ಹೋಯಿತು. ವಿಮೆ ನೌಕೆಗಿತ್ತು, ದುಡಿಮೆಗಿರಲಿಲ್ಲ.

ಬೇಸರದಿಂದ ಅಬ್ಬಾಗೆ ಹೇಳಿದೆ. ಅವರು ಅಂಗಡಿಯ ಉದ್ರಿ ಪುಸ್ತಕ ತೋರಿಸಿ, “ಇದೂ ಹಾಗೆಯೇ ಬೇಟಾ, ಕೈಗೆ ಬರುವವರೆಗೆ ನಮ್ಮದಲ್ಲ” ಎಂದರು. ಲೆಕ್ಕಶಾಸ್ತ್ರದ ಪಾಠ ಆಗ ಅರ್ಥವಾಯಿತು: ಬರಲಿರುವ ಲಾಭವನ್ನು ಎಣಿಸಬಾರದು, ಬರಬಹುದಾದ ನಷ್ಟಕ್ಕೆ ಈಗಲೇ ತೆಗೆದಿಡಬೇಕು.

ಈಗ ನನ್ನ ನಿಯಮ ಮೂರು. ಆ ಶೇ. 5 ಕೈಯಲ್ಲಿಲ್ಲದೆ ಹೊರಡುವುದಿಲ್ಲ. ದಾರಿಯಲ್ಲಿ ನಿಲ್ದಾಣ ಸಿಕ್ಕರೆ ಇದ್ದಷ್ಟು ಮಾಹಿತಿ ಮಾರುತ್ತೇನೆ. ಮಾರದ ಮಾಹಿತಿ ಹೆಚ್ಚಿದಷ್ಟೂ ಅಪಾಯದ ಗ್ರಹಗಳಿಂದ ದೂರವಿರುತ್ತೇನೆ.

ಸಾಹಸ ಬೇಡವೆಂದು ನಾನು ಹೇಳುವುದಿಲ್ಲ. ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಲ್ಲೆ ಎಂಬ ಲೆಕ್ಕ ಹಾಕಿಯೇ ಹೊರಡೋಣ, ಗೆಳೆಯರೇ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ