ಕಾಳ್ಗಿಚ್ಚೂ ಊರಿನ ಎಚ್ಚರವೂ

ಬೆಂಕಿ ಮನುಷ್ಯನಿಗೆ ಒಲಿದ ದೊಡ್ಡ ಶಕ್ತಿ. ಒಲೆಯಲ್ಲಿದ್ದಾಗ ಅದು ಅನ್ನ ಬೇಯಿಸುತ್ತದೆ. ಹಣತೆಯಲ್ಲಿದ್ದಾಗ ಬೆಳಕು ಕೊಡುತ್ತದೆ. ಕುಲುಮೆಯಲ್ಲಿದ್ದಾಗ ಕಬ್ಬಿಣವನ್ನೂ ಮಣಿಸುತ್ತದೆ. ಅದೇ ಬೆಂಕಿ ಎಲ್ಲೆ ಮೀರಿ ಕಾಡನ್ನು ಹೊಕ್ಕರೆ ಕಾಳ್ಗಿಚ್ಚೆನಿಸುತ್ತದೆ. ಕಾಡಿನ ಅಂಚಿನಲ್ಲಿ ಊರೊಂದಿದ್ದರೆ ಅದರ ಗತಿಯೇನು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಈ ಗಾದೆಯ ಮಾತು ಎಷ್ಟು ನಿಜವೆಂಬುದನ್ನು ದೂರದೇಶದ ಪಟ್ಟಣವೊಂದು ಬಹು ದೊಡ್ಡ ಬೆಲೆ ತೆತ್ತು ಜಗತ್ತಿಗೆ ತಿಳಿಸಿಕೊಟ್ಟಿತು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ಭಾಗದಲ್ಲಿ, ಸಿಯೆರಾ ನೆವಾಡ ಪರ್ವತಶ್ರೇಣಿಯ ತಪ್ಪಲಿನಲ್ಲಿ, ಪ್ಯಾರಡೈಸ್ ಎಂಬ ಪಟ್ಟಣವಿದೆ. ಆ ಹೆಸರಿಗೆ ಸ್ವರ್ಗವೆಂದು ಅರ್ಥ. ಆಳವಾದ ಕಣಿವೆಗಳ ನಡುವಣ ದಿಣ್ಣೆಯ ಮೇಲೆ, ಪೈನ್ ಮರಗಳ ನೆರಳಿನಲ್ಲಿ, ಅಲ್ಲಿ ಸುಮಾರು 26,000 ಜನರು ವಾಸವಾಗಿದ್ದರು. ದುಡಿದು ನಿವೃತ್ತರಾಗಿ ಶಾಂತಿಯನ್ನು ಅರಸಿ ಬಂದ ವೃದ್ಧರು ಅವರಲ್ಲಿ ಅನೇಕರಿದ್ದರು. 2018ರ ನವೆಂಬರ್ 8ರ ಮುಂಜಾನೆ, ಪಟ್ಟಣದಿಂದ ಕೆಲವು ಮೈಲಿ ದೂರದಲ್ಲಿ, ಹಳೆಯ ವಿದ್ಯುತ್ ಗೋಪುರವೊಂದರ ಸವೆದ ಕೊಂಡಿ ಮುರಿದು ತಂತಿ ಕಿಡಿ ಕಾರಿತು. ತಿಂಗಳುಗಟ್ಟಲೆ ಒಳ್ಳೆಯ ಮಳೆ ಕಾಣದೆ ಒಣಗಿದ್ದ ಹುಲ್ಲು ಹೊತ್ತಿಕೊಂಡಿತು. ಬಿರುಗಾಳಿ ಅದಕ್ಕೆ ಜೊತೆಯಾಯಿತು. ಎರಡು ಗಂಟೆ ಕಳೆಯುವಷ್ಟರಲ್ಲಿ ಬೆಂಕಿ ಪಟ್ಟಣವನ್ನು ಮುಟ್ಟಿತ್ತು. ಆ ಕಾಳ್ಗಿಚ್ಚಿನಲ್ಲಿ 85 ಜನರು ಪ್ರಾಣ ಕಳೆದುಕೊಂಡರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ಬೆಂಕಿ ಆರಿದ ಮೇಲೆ ಅಲ್ಲಿಗೆ ಹೋದವರಿಗೆ ವಿಚಿತ್ರವಾದೊಂದು ದೃಶ್ಯ ಕಾಣಿಸಿತು. ಸಾಲುಸಾಲು ಮನೆಗಳು ಬೂದಿಯ ಗುಡ್ಡೆಗಳಾಗಿದ್ದವು; ಆದರೆ ಅವುಗಳ ಪಕ್ಕದಲ್ಲಿಯೇ ಎಷ್ಟೋ ಪೈನ್ ಮರಗಳು ಹಸಿರೆಲೆ ಹೊತ್ತು ನಿಂತಿದ್ದವು. ಕಾಡು ಹೊತ್ತಿ ಮನೆಗಳನ್ನು ನುಂಗಿದ್ದರೆ ಮರಗಳು ಉಳಿದುದು ಹೇಗೆ?

ಇದಕ್ಕೆ ಉತ್ತರವನ್ನು ವಿಜ್ಞಾನಿಗಳು ಅದಕ್ಕೂ ಮೊದಲೇ ಅರಸಿದ್ದರು. ಅಮೆರಿಕದ ಅರಣ್ಯ ಇಲಾಖೆಯ ಜ್ಯಾಕ್ ಕೋಹೆನ್ ಎಂಬ ಸಂಶೋಧಕರು ಕೆನಡದ ಕಾಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ, ಎದುರಿನ ಕಾಡಿಗೆ ಬೆಂಕಿಯಿಟ್ಟು ಪರೀಕ್ಷಿಸಿದರು. ಬೆಂಕಿಯಿಂದ 10 ಮೀಟರ್ ದೂರವಿದ್ದ ಗೋಡೆ ಕೆಲವು ಸಲ ಹೊತ್ತಿಕೊಂಡಿತು. 30 ಮೀಟರ್ ದೂರವಿದ್ದ ಗೋಡೆ ಕಮರಲೂ ಇಲ್ಲ. ಮುಗಿಲೆತ್ತರದ ಜ್ವಾಲೆಯ ಶಾಖ ನಾವು ಭಾವಿಸುವಷ್ಟು ದೂರದಿಂದ ಮನೆಯನ್ನು ಹೊತ್ತಿಸಲಾರದು. ಮನೆಗೆ ನಿಜವಾದ ವೈರಿ ಗಾಳಿಯಲ್ಲಿ ಹಾರಿಬರುವ ಕೆಂಡದ ಚೂರು. ಅದು ಜ್ವಾಲೆಗಿಂತ ಬಹಳ ಮುಂದೆ ಬಂದು, ಮಾಡಿನ ಸಂದಿಯಲ್ಲಿ ಕೊಳೆಯುತ್ತಿರುವ ತರಗೆಲೆಯ ಮೇಲೋ, ಗೋಡೆಗೆ ಒರಗಿಸಿದ ಸೌದೆಯ ಮೇಲೋ, ಬಾಗಿಲಿನ ನಾರಿನ ಕಾಲೊರಸಿನ ಮೇಲೋ ಬೀಳುತ್ತದೆ. ಸಣ್ಣದಾಗಿ ಹೊಗೆಯಾಡುತ್ತದೆ. ನೋಡುವವರಿಲ್ಲದಿದ್ದರೆ ಕ್ರಮೇಣ ಮನೆಯನ್ನೇ ಆಹುತಿ ತೆಗೆದುಕೊಳ್ಳುತ್ತದೆ.

ಉರಿಯುವ ಮನೆ ಪಕ್ಕದ ಮನೆಗೆ ಕಾಡಿಗಿಂತ ಹೆಚ್ಚು ಅಪಾಯಕಾರಿ. ಮರದ ಬೆಂಕಿ ಬೇಗ ಹಾದುಹೋಗುತ್ತದೆ. ಮನೆಯ ಬೆಂಕಿಯಾದರೋ ಗಂಟೆಗಟ್ಟಲೆ ಉರಿಯುತ್ತ ನೆರೆಮನೆಯನ್ನು ಕಾಯಿಸುತ್ತದೆ. ಪ್ಯಾರಡೈಸಿನ ಅವಶೇಷಗಳನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ವರದಿಯೊಂದು ಇದನ್ನು ಸ್ಪಷ್ಟಪಡಿಸಿತು. 1997ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಉಳಿದವು ನೂರಕ್ಕೆ ಸುಮಾರು 11. ಅನಂತರ ಕಟ್ಟಿದವುಗಳಲ್ಲಿ ನೂರಕ್ಕೆ ಸುಮಾರು 38. ಉಳಿಯುವುದನ್ನೂ ಅಳಿಯುವುದನ್ನೂ ನಿರ್ಧರಿಸಿದ ಮುಖ್ಯ ಸಂಗತಿಗಳಲ್ಲಿ, ಸುಟ್ಟುಹೋದ ನೆರೆಮನೆ ಎಷ್ಟು ಹತ್ತಿರವಿತ್ತೆಂಬುದೂ ಒಂದಾಗಿತ್ತು. ಎಂದಮೇಲೆ ನನ್ನ ಅಂಗಳವನ್ನು ನಾನು ಗುಡಿಸಿದರೆ ಸಾಲದು. ನೆರೆಯವರ ಅಂಗಳದ ಕಸವೂ ನನ್ನ ಮನೆಯ ಅಪಾಯವೇ. ಕಾಳ್ಗಿಚ್ಚಿನಿಂದ ರಕ್ಷಣೆ ಒಬ್ಬನ ಕೆಲಸವಲ್ಲ, ಇಡೀ ಕೇರಿಯ ಕೆಲಸ.

ಈ ತತ್ತ್ವವನ್ನು ಅರಿತು ಅಮೆರಿಕದ ಅನೇಕ ಊರುಗಳ ಜನರು ಸಂಘ ಕಟ್ಟಿಕೊಂಡು ದುಡಿಯುತ್ತಿದ್ದಾರೆ. ಬೇಸಗೆಗೆ ಮುನ್ನ ಒಂದು ದಿನ ಗೊತ್ತುಮಾಡಿ ಎಲ್ಲರೂ ಸೇರುತ್ತಾರೆ. ಗೋಡೆಯಿಂದ ಒಂದೂವರೆ ಮೀಟರ್ ಒಳಗೆ ಉರಿಯುವ ಯಾವ ವಸ್ತುವನ್ನೂ ಇಡುವುದಿಲ್ಲ. ಸುಮಾರು 9 ಮೀಟರ್ ವರೆಗೆ ಒಣಹುಲ್ಲನ್ನು ಸವರಿ, ಮರಗಳ ಕೆಳಗೊಂಬೆಗಳನ್ನು ಕಡಿಯುತ್ತಾರೆ. ಸುಮಾರು 30 ಮೀಟರ್ ವರೆಗೆ ಪೊದೆಗಳನ್ನು ವಿರಳಗೊಳಿಸುತ್ತಾರೆ. ಗಾಳಿಗಂಡಿಗಳಿಗೆ ಕಿಡಿ ನುಸುಳದಂತೆ ಸಣ್ಣ ಕಣ್ಣಿನ ಲೋಹದ ಬಲೆ ಹೊದಿಸುತ್ತಾರೆ. ಕೈಲಾಗದ ವೃದ್ಧರ ಅಂಗಳವನ್ನು ನೆರೆಹೊರೆಯ ತರುಣರು ಹಸನುಮಾಡುತ್ತಾರೆ.

ಮನೆಗಿಂತ ಪ್ರಾಣ ದೊಡ್ಡದು. ಪ್ಯಾರಡೈಸ್ ಪಟ್ಟಣವು ಎಚ್ಚರಿಕೆಯಿಲ್ಲದ ಊರೇನೂ ಆಗಿರಲಿಲ್ಲ. 2008ರ ಕಾಳ್ಗಿಚ್ಚುಗಳಿಂದ ಪಾಠ ಕಲಿತು, ಪಟ್ಟಣವನ್ನು ವಿಭಾಗಗಳಾಗಿ ವಿಂಗಡಿಸಿ, ಒಂದಾದ ಮೇಲೊಂದು ವಿಭಾಗದ ಜನರು ಹೊರಡುವ ಯೋಜನೆಯನ್ನು ಸಿದ್ಧಪಡಿಸಿಕೊಂಡಿತ್ತು. ಆದರೆ ಅಂದು ಬೆಂಕಿ ಸರದಿ ಕಾಯಲಿಲ್ಲ. ಹಲವೆಡೆ ಒಮ್ಮೆಗೇ ಹೊತ್ತಿಕೊಂಡಿತು. ಎಲ್ಲರೂ ಒಟ್ಟಿಗೆ ಹೊರಟು ರಸ್ತೆಗಳು ಕಟ್ಟಿಹೋದವು. ಎಷ್ಟೋ ಜನರಿಗೆ ಎಚ್ಚರಿಕೆಯ ಕರೆಯೇ ತಲುಪಲಿಲ್ಲ. ಮಡಿದವರಲ್ಲಿ ಹೆಚ್ಚಿನವರು ವೃದ್ಧರು. ಯಂತ್ರದ ಕರೆ ತಲುಪದಿದ್ದಾಗ ತಲುಪಬೇಕಾದುದು ನೆರೆಯವರ ಕೂಗು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ವಾಹನವಿಲ್ಲ, ಯಾರು ಯಾರನ್ನು ಕರೆದೊಯ್ಯಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು; ಹೊಗೆ ಕಾಣುವ ಮುನ್ನವೇ ಹೊರಡುವ ಮನಸ್ಸೂ ಇರಬೇಕು.

ನಮ್ಮ ನಾಡಿನ ಕಾಳ್ಗಿಚ್ಚಿನ ರೀತಿ ಸ್ವಲ್ಪ ಬೇರೆ. ಇಲ್ಲಿ ಬೆಂಕಿ ಬಹುಮಟ್ಟಿಗೆ ನೆಲದ ತರಗೆಲೆ, ಒಣಹುಲ್ಲು, ಲಂಟಾನದ ಪೊದೆಗಳನ್ನು ಸುಡುತ್ತ ಸಾಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಹೀಗೆ ಸುಟ್ಟುಹೋಯಿತು. ನಮ್ಮ ಕಾಡಿನ ಬೆಂಕಿಗೆ ಬಹುತೇಕ ಮನುಷ್ಯನೇ ಕಾರಣ. ಎಸೆದ ಬೀಡಿಯ ತುಂಡು, ಆರಿಸದೆ ಬಿಟ್ಟ ಒಲೆ, ಹೊಸ ಹುಲ್ಲಿನ ಆಸೆಯಿಂದ ಹಚ್ಚಿದ ಕಡ್ಡಿ. ಅರಣ್ಯ ಇಲಾಖೆಯವರು ವರ್ಷವರ್ಷವೂ ಬೆಂಕಿ ರೇಖೆಗಳನ್ನು ಸವರುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 2004ರಿಂದ ಉಪಗ್ರಹಗಳ ನೆರವಿನಿಂದ ಬೆಂಕಿಯ ಸೂಚನೆ ನೀಡುತ್ತಿದೆ. ಆದರೆ ಉಪಗ್ರಹವು ನಮ್ಮ ಮಾಡಿನ ಮೇಲಿನ ತರಗೆಲೆಯನ್ನು ಗುಡಿಸಲಾರದು. ಹುಲ್ಲಿನ ಬಣವೆಯನ್ನು ಮನೆಗೆ ತಾಗಿಸದೆ ದೂರದ ಕಣದಲ್ಲಿ ಒಟ್ಟುತ್ತಿದ್ದ ಹಿರಿಯರ ವಿವೇಕವೂ, ಇಂದಿನ ವಿಜ್ಞಾನ ಹೇಳುವ ಮಾತೂ ಒಂದೇ.

ಹೀಗಿರುವಾಗ ನಿಮ್ಮಂಥ ಕಿರಿಯರೂ ಮಾಡಬಹುದಾದ ಕೆಲಸವಿದೆ. ಮಾಘ ಮಾಸದ ಎಲೆ ಉದುರುವ ದಿನಗಳಲ್ಲಿ ನಿಮ್ಮ ಮನೆಯ ಸುತ್ತ ಒಮ್ಮೆ ನಡೆದು ನೋಡಿರಿ. ಒಂದು ಕಿಡಿ ಇಲ್ಲಿ ಬಿದ್ದರೆ ಏನಾದೀತೆಂದು ಕೇಳಿಕೊಳ್ಳಿರಿ. ಕಾಡಿನಲ್ಲಿ ಹೊಗೆ ಕಂಡರೆ ನಂದಿಸಲು ಓಡಬೇಡಿರಿ. ಹಿರಿಯರಿಗೂ ಅರಣ್ಯ ಸಿಬ್ಬಂದಿಗೂ ತಿಳಿಸಿರಿ, 112ಕ್ಕೆ ಕರೆಮಾಡಿಸಿರಿ. ನಿಮ್ಮ ಅಂಗಳ ಹಸನಾದ ಮೇಲೆ ಪೊರಕೆಯನ್ನು ಮೂಲೆಗಿಡುವ ಮುನ್ನ, ಪಕ್ಕದ ಮನೆಯ ಅಜ್ಜಿಯ ಅಂಗಳದತ್ತ ಒಮ್ಮೆ ನೋಡಿರಿ. ಬೆಂಕಿಗೆ ಬೇಲಿಯ ಗುರುತಿಲ್ಲ. ನಮ್ಮ ಎಚ್ಚರವೂ ಬೇಲಿಯ ಒಳಗೇ ನಿಲ್ಲಬಾರದು.